ಹತ್ತಕ್ಕೆ ಹತ್ತು ತಿಂಗಳು ಕಡಿಮೆ

ಓದುಗರೊಬ್ಬರ ಪತ್ರ: ‘ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದಕ್ಕೆ 2016ರ ಜೂನ್‌ನಲ್ಲಿ ಸೇರಿ ಐದು ವರ್ಷ ಎಂಟು ತಿಂಗಳು ಹೊಲಿಗೆ ಕೆಲಸ ಮಾಡಿದೆ. ಆಮೇಲೆ ಇನ್ನೊಂದರಲ್ಲಿ ಮೂರೂವರೆ ವರ್ಷ. ಅತ್ತೆ ಹಾಸಿಗೆ ಹಿಡಿದಿದ್ದರಿಂದ ಐದು ತಿಂಗಳ ಹಿಂದೆ ಕೆಲಸ ಬಿಟ್ಟು ಊರಿಗೆ ಬಂದೆ. ವಯಸ್ಸು 34. ಪಿಎಫ್ ಪಾಸ್‌ಬುಕ್‌ನಲ್ಲಿ ಮೊದಲ ಕಾರ್ಖಾನೆಯದು 1,36,000 ರೂಪಾಯಿ, ಎರಡನೆಯದರದು 89,000 ಇದೆ. ಅರ್ಜಿ ಹಾಕಿದರೆ ಹೆಸರು ಹೊಂದುವುದಿಲ್ಲವೆಂದು ತಿರಸ್ಕಾರವಾಯಿತು. ಸೈಬರ್ ಸೆಂಟರ್‌ನವರು ನೂರಕ್ಕೆ ಹತ್ತು ಕೊಟ್ಟರೆ ಪಿಂಚಣಿ ಹಣವನ್ನೂ ಸೇರಿಸಿ ಪೂರ್ತಿ ತೆಗೆಸಿಕೊಡುತ್ತೇವೆ ಎನ್ನುತ್ತಾರೆ. ಮನೆಯವರಿಗೆ ಕೊಳವೆಬಾವಿ ಕೊರೆಸುವ ಆಸೆ. ನನಗೆ ಸಂಘದ ಸಾಲ ತೀರಿಸುವ ಚಿಂತೆ. ಪೂರ್ತಿ ತೆಗೆಯಲೇ? ಹಣ ನನ್ನ ಒಬ್ಬಳ ಖಾತೆಗೆ ಬರುವಂತೆ ಮಾಡಬಹುದೇ? ಹೆಸರು ಹಾಕಬೇಡಿ.’

ಸಂಪಾದಕರ ಉತ್ತರ:

ಸೋದರಿ, ಹೆಸರನ್ನೂ ಊರನ್ನೂ ತೆಗೆದಿದ್ದೇನೆ. ಪತ್ರದ ಜೊತೆ ಪಾಸ್‌ಬುಕ್ಕಿನ ಪ್ರತಿ ಇಟ್ಟದ್ದು ಒಳ್ಳೆಯದಾಯಿತು. ನೀವು ಕೇಳದ ಪ್ರಶ್ನೆಯೊಂದು ಅದರಲ್ಲಿತ್ತು.

ಮೊದಲು ಆ ನೂರಕ್ಕೆ ಹತ್ತರ ವಿಷಯ. 2,25,000ಕ್ಕೆ 22,500 ರೂಪಾಯಿ. ಹೊಲಿಗೆ ಯಂತ್ರದ ಮುಂದೆ ನೀವು ಸುಮಾರು ಎರಡು ತಿಂಗಳು ಕೂತ ಕೂಲಿ ಅದು. ಭವಿಷ್ಯನಿಧಿಯ, ಅಂದರೆ ಪಿಎಫ್‌ನ, ಅರ್ಜಿಗೆ ಶುಲ್ಕವೇ ಇಲ್ಲ. ಟೈಪ್ ಮಾಡಿಕೊಟ್ಟವರಿಗೆ ನೂರು ರೂಪಾಯಿ ಕೊಡಿ, ಓಟಿಪಿ ಮಾತ್ರ ಕೊಡಬೇಡಿ. ಆತ ಕೇಳಿದ್ದಕ್ಕಿಂತ ಹೇಳಿದ್ದೇ ನನ್ನನ್ನು ಹೆಚ್ಚು ಹೆದರಿಸಿತು: ‘ಪಿಂಚಣಿ ಹಣವನ್ನೂ ಸೇರಿಸಿ.’

ನಿಮ್ಮ ಸಂಬಳದಿಂದ ಕಟಾವಾದದ್ದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 12. ಮಾಲೀಕರೂ ಅಷ್ಟೇ ಕಟ್ಟುತ್ತಾರೆ, ಆದರೆ ಅವರ ಪಾಲು ಇಡಿಯಾಗಿ ಒಂದೇ ಕಡೆ ಹೋಗುವುದಿಲ್ಲ. ಅದರಲ್ಲಿ ಶೇಕಡಾ 8.33 ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 3.67 ಪಿಎಫ್‌ಗೆ. ಕೊನೆಯಲ್ಲಿ ನಿಮಗಿದ್ದ 12,000 ರೂಪಾಯಿಯನ್ನೇ ಹಿಡಿದರೆ ತಿಂಗಳಿಗೆ ಪಿಎಫ್‌ಗೆ 1,880, ಪಿಂಚಣಿಗೆ 1,000. ಪಾಸ್‌ಬುಕ್‌ನಲ್ಲಿ ಪಿಂಚಣಿಯ ಕಾಲಂ ಬೇರೆಯೇ ಇದೆ, ಅದಕ್ಕೆ ಬಡ್ಡಿ ಸೇರುವುದಿಲ್ಲ. ಹಾಗಾಗಿ ಜನ ಅದನ್ನು ಚಿಲ್ಲರೆ ಎಂದುಕೊಂಡು, ಪಿಎಫ್‌ನ ನಮೂನೆ 19ರ ಜೊತೆಗೆ ಪಿಂಚಣಿಯ 10ಸಿಯನ್ನೂ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ತುಂಬಿದರೆ 58ನೆಯ ವಯಸ್ಸಿನಿಂದ ಬದುಕಿರುವವರೆಗೆ ಮಾಸಿಕ ಪಿಂಚಣಿ. ನಿಮ್ಮ ಎರಡು ಕಾರ್ಖಾನೆಗಳ ಸೇವೆ ಕೂಡಿದರೆ ಒಂಬತ್ತು ವರ್ಷ ಎರಡು ತಿಂಗಳು, ಹತ್ತಕ್ಕೆ ಹತ್ತು ತಿಂಗಳು ಕಡಿಮೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯನ್ನು ಇಡೀ ವರ್ಷವೆಂದು ಹಿಡಿಯುವ ನಿಯಮವಿರುವುದರಿಂದ ನಿಜಕ್ಕೂ ನಾಲ್ಕೇ ತಿಂಗಳು. 10ಸಿ ಹಾಕಿ ಆ ಹಣ ತೆಗೆದ ದಿನ ಒಂಬತ್ತು ವರ್ಷ ಸೊನ್ನೆಯಾಗುತ್ತದೆ. ನಾಳೆ ಮತ್ತೆ ಕಾರ್ಖಾನೆಗೆ ಹೋದರೂ ಎಣಿಕೆ ಒಂದರಿಂದ ಶುರು.

ತೆಗೆದರೆ ಸಿಗುವುದೂ ಸಣ್ಣ ಮೊತ್ತವಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಸರಿಸುಮಾರು ಒಂಬತ್ತು ತಿಂಗಳ ಸಂಬಳದಷ್ಟು, ಲಕ್ಷ ದಾಟಬಹುದು. ಉಳಿಸಿಕೊಂಡು ಹತ್ತು ವರ್ಷ ತುಂಬಿಸಿದರೆ ಸಿಗುವ ಪಿಂಚಣಿಯ ಲೆಕ್ಕ ಹೀಗಿದೆ: ಕೊನೆಯ ಅರವತ್ತು ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸರಾಸರಿ 12,000 ಎಂದುಕೊಂಡರೆ ತಿಂಗಳಿಗೆ 1,714 ರೂಪಾಯಿ. ಇನ್ನು ಇಪ್ಪತ್ತನಾಲ್ಕು ವರ್ಷಕ್ಕೆ ಅಷ್ಟು ದುಡ್ಡಿಗೆ ಏನು ಬರುತ್ತದೆ ಎಂದು ನೀವು ನಕ್ಕರೆ ನಾನೂ ನಗುತ್ತೇನೆ. ಲೆಕ್ಕ ಬಲ್ಲವರು ಆ ಲಕ್ಷವನ್ನು ಬ್ಯಾಂಕಿನಲ್ಲಿಟ್ಟರೆ ಇನ್ನೂ ಹೆಚ್ಚು ಬೆಳೆಯುತ್ತದೆ ಎಂದೂ ಹೇಳಿಯಾರು. ಸರಿಯೇ. ಆದರೆ ಒಂದು ಲಕ್ಷ ರೂಪಾಯಿಗೆ ಇಪ್ಪತ್ತನಾಲ್ಕು ವರ್ಷ ಕೈಹಾಕದ ಮನೆಯನ್ನು ನಾನಂತೂ ಕಂಡಿಲ್ಲ, ನನ್ನದನ್ನೂ ಸೇರಿಸಿ.

ಆದ್ದರಿಂದ ಪಿಎಫ್ ತೆಗೆಯಿರಿ, ಪಿಂಚಣಿ ಮುಟ್ಟಬೇಡಿ. ಮತ್ತೆ ಕೆಲಸಕ್ಕೆ ಹೋಗುವುದು ಅನುಮಾನವೆನಿಸಿದರೆ ಅದೇ 10ಸಿಯಲ್ಲಿ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಬಹುದು. ನಿಮ್ಮ ಸೇವೆಯ ಅವಧಿ ಅದರಲ್ಲಿ ದಾಖಲಾಗಿರುತ್ತದೆ. ನಾಲ್ಕು ವರ್ಷ ಬಿಟ್ಟು ಹತ್ತಿರದ ಯಾವುದಾದರೂ ಕಾರ್ಖಾನೆಗೆ ಸೇರಿದರೂ ಅಲ್ಲಿ ಕೊಟ್ಟು ಎಣಿಕೆ ಮುಂದುವರಿಸಬಹುದು.

ಇನ್ನು ಹೆಸರಿನ ಗೋಜಲು. ಪ್ರತಿ ನೋಡಿದೆ. ಕಾರ್ಖಾನೆಯ ದಾಖಲೆಯಲ್ಲಿ ತಂದೆಯ ಮನೆಯ ಇನಿಷಿಯಲ್ ಹೆಸರಿನ ಮುಂದಿದೆ, ಆಧಾರ್‌ನಲ್ಲಿ ಗಂಡನ ಮನೆಯ ಇನಿಷಿಯಲ್ ಹೆಸರಿನ ಹಿಂದಿದೆ. ನಮ್ಮ ಕಡೆಯ ಹೆಸರುಗಳಿಗೆ ಈ ಕಂಪ್ಯೂಟರುಗಳು ಹುಟ್ಟಿದಂದಿನಿಂದಲೂ ಇದೇ ಪಾಡು. ಸರ್‌ನೇಮ್ ಎಂಬ ಖಾನೆಯಲ್ಲಿ ನಾವು ಊರು ತುಂಬಬೇಕೋ ಅಪ್ಪನನ್ನು ತುಂಬಬೇಕೋ ಗೊತ್ತಾಗದೆ ಯಾರೋ ಗುಮಾಸ್ತ ತನಗೆ ತೋಚಿದ್ದನ್ನು ತುಂಬುತ್ತಾನೆ. 2025ರ ಜನವರಿಯಿಂದ ತಿದ್ದುಪಡಿ ಸುಲಭವಾಗಿದೆ. ಯುಎಎನ್, ಅಂದರೆ ಪಿಎಫ್ ಸದಸ್ಯರ ಸಂಖ್ಯೆ, 2017ರ ಅಕ್ಟೋಬರ್ 1ರ ನಂತರ ಸಿಕ್ಕವರು ತಾವೇ ಪಿಎಫ್ ಪೋರ್ಟಲ್‌ನಲ್ಲಿ ತಿದ್ದಿಕೊಳ್ಳಬಹುದು. ನಿಮ್ಮದು 2016ರದ್ದು, ಹಾಗಾಗಿ ಮನವಿಯನ್ನು ಆನ್‌ಲೈನ್‌ನಲ್ಲಿ ಹಾಕಿದ ಮೇಲೆ ಎರಡನೆಯ ಕಾರ್ಖಾನೆಯ ಎಚ್‌ಆರ್ ವಿಭಾಗ ಒಪ್ಪಿಗೆ ಕೊಡಬೇಕು. ಜೊತೆಯಲ್ಲಿ ಲೈನ್‌ನಲ್ಲಿ ಕೂರುತ್ತಿದ್ದ ಗೆಳತಿ ಇನ್ನೂ ಅಲ್ಲೇ ಇದ್ದಾರಲ್ಲ, ಊಟದ ಬಿಡುವಿನಲ್ಲಿ ಒಮ್ಮೆ ಹೋಗಿ ನೆನಪಿಸಲು ಅವರಿಗೆ ಹೇಳಿ. ಮೊದಲ ಕಾರ್ಖಾನೆಯವರು ನೀವು ಕೆಲಸ ಬಿಟ್ಟ ದಿನಾಂಕವನ್ನೇ ನಮೂದಿಸಿಲ್ಲ. ಅದಕ್ಕೆ ಅವರ ಬಾಗಿಲಿಗೆ ಹೋಗಬೇಕಿಲ್ಲ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳು ಕಳೆದಿದ್ದರೆ ಸದಸ್ಯರೇ ಪೋರ್ಟಲ್‌ನಲ್ಲಿ ನಮೂದಿಸಬಹುದು.

ಅದಾದ ಮೇಲೂ ಹಣಕ್ಕೆ ಅವಸರ ಬೇಡ. ಮೊದಲ ಖಾತೆಯನ್ನು ಎರಡನೆಯದಕ್ಕೆ ವರ್ಗ ಮಾಡಿಸಿ. ಯಾಕೆಂದರೆ ಐದು ವರ್ಷ ತುಂಬದ ಸೇವೆಯ ಪಿಎಫ್ ತೆಗೆದರೆ, ಮೊತ್ತ 50,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಶೇಕಡಾ 10 ತೆರಿಗೆಯಾಗಿ ಅಲ್ಲೇ ಮುರಿದುಕೊಳ್ಳುತ್ತಾರೆ. ಪ್ಯಾನ್ ಜೋಡಿಸದಿದ್ದರೆ ಶೇಕಡಾ 20. ಎರಡನೆಯ ಖಾತೆಯನ್ನು ಬಿಡಿಯಾಗಿ ತೆಗೆದರೆ ಅದು ಮೂರೂವರೆ ವರ್ಷದ್ದು, 8,900 ರೂಪಾಯಿ ಹೋಗುತ್ತದೆ. ವರ್ಗವಾದರೆ ಅದೇ ಒಂಬತ್ತು ವರ್ಷದ ಸೇವೆ, ತೆರಿಗೆ ಇಲ್ಲ.

ಎಷ್ಟು ತೆಗೆಯಬಹುದು? ಎರಡು ತಿಂಗಳು ಕೆಲಸವಿಲ್ಲದಿದ್ದರೆ ಪೂರ್ತಿ ಎಂಬುದು ಬಹುಕಾಲದ ನಿಯಮ. 2025ರ ಅಕ್ಟೋಬರ್ 13ರಂದು ಭವಿಷ್ಯನಿಧಿಯ ಕೇಂದ್ರ ಟ್ರಸ್ಟಿಗಳ ಮಂಡಳಿ ಇದನ್ನು ಬದಲಿಸಲು ತೀರ್ಮಾನಿಸಿತು: ಮುಕ್ಕಾಲು ಭಾಗ ತಕ್ಷಣ, ಉಳಿದ ಕಾಲು ಭಾಗ ಹನ್ನೆರಡು ತಿಂಗಳು ನಿರುದ್ಯೋಗದ ನಂತರ, ಪಿಂಚಣಿ ಹಣ ಮೂವತ್ತಾರು ತಿಂಗಳ ನಂತರ. ನೀವು ಅರ್ಜಿ ಹಾಕುವ ದಿನ ಪೋರ್ಟಲ್ ಯಾವ ಆಯ್ಕೆ ತೋರಿಸುತ್ತದೋ ಅದನ್ನೇ ನಂಬಿ, ಸೈಬರ್ ಸೆಂಟರ್‌ನವರ ಮಾತನ್ನಲ್ಲ.

ಈ ತೀರ್ಮಾನ ಓದಿದಾಗ ನನಗೆ 2016ರ ಏಪ್ರಿಲ್ ನೆನಪಾಯಿತು. ಮಾಲೀಕರ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಆ ವರ್ಷ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಟಿತ್ತು. ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಂಗಸರು ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು. ಮರುದಿನ ಊರಿನ ಬೇರೆ ಕಡೆಗಳಿಗೂ ಹಬ್ಬಿತು. ಲಾಠಿ ಬೀಸಿದರು, ಬಸ್ಸುಗಳು ಉರಿದವು. ಅಂದೇ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹಿಂದಕ್ಕೆ ಪಡೆಯಿತು. ನೀವು ಕೆಲಸಕ್ಕೆ ಸೇರಿದ್ದು ಅದಾಗಿ ಎರಡೇ ತಿಂಗಳಿಗೆ, ಪಕ್ಕದ ಯಂತ್ರದವರು ಕಥೆ ಹೇಳಿರುತ್ತಾರೆ. ಕೆಲಸ ಹೋದವರ ಕಾಲು ಭಾಗವನ್ನು ವರ್ಷವಿಡೀ ಹಿಡಿದಿಡುವುದು ನನಗೆ ಈಗಲೂ ಒಪ್ಪಿಗೆಯಾಗಿಲ್ಲ. ಬಾಡಿಗೆ ಮನೆಯ ಮಾಲೀಕ ವರ್ಷ ಕಾಯುವುದಿಲ್ಲ. ಪಿಂಚಣಿಗೆ ಮೂರು ವರ್ಷದ ತಡೆ ಮಾತ್ರ ನಿಮ್ಮಂಥವರನ್ನು ಸೈಬರ್ ಸೆಂಟರ್‌ನಿಂದ ಕಾಪಾಡೀತು.

ಕೊಳವೆಬಾವಿ ಮತ್ತು ಸಂಘದ ಸಾಲದ ಜಗಳದಲ್ಲಿ ನಾನು ಬಾಯಿ ಹಾಕಬಾರದು, ಆದರೂ ಅಂಕಿಯೊಂದನ್ನು ಹೇಳುತ್ತೇನೆ. ಸಂಘದ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದು ಬರೆದಿದ್ದೀರಿ, ವರ್ಷಕ್ಕೆ 24. ಪಿಎಫ್ 2024-25ರಲ್ಲಿ ಕೊಟ್ಟದ್ದು 8.25. ಸಾಲ ತೀರುವಷ್ಟನ್ನು ಮೊದಲು ತೀರಿಸಿ. ಕೊಳವೆಬಾವಿ ಎಷ್ಟು ಕೊಡುತ್ತದೆ ಎಂಬುದನ್ನು ಕೊರೆದ ಮೇಲೆಯೇ ಹೇಳಬಹುದು.

ನೀವು ಕೇಳದಿದ್ದ ಪ್ರಶ್ನೆ ಇದು: ಮೊದಲ ಕಾರ್ಖಾನೆಯಲ್ಲಿ ಐದು ವರ್ಷ ಎಂಟು ತಿಂಗಳು ಇದ್ದಿರಿ, ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಟ್ಟಾಗ ಮಾಲೀಕರು ಕೊಡಬೇಕಾದ ಇಡುಗಂಟು, ಬಂತೇ? ಒಂದೇ ಕಡೆ ಐದು ವರ್ಷ ತುಂಬಿದವರಿಗೆ ಅದು ಹಕ್ಕು. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳನ್ನು 26 ದಿನವೆಂದು ಹಿಡಿದು. ಆರು ತಿಂಗಳು ಮೀರಿದ್ದರಿಂದ ನಿಮ್ಮದು ಆರು ವರ್ಷವಾಗುತ್ತದೆ. ಬಿಡುವಾಗ ವೇತನ 10,000 ಇದ್ದಿದ್ದರೆ 34,615 ರೂಪಾಯಿ. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ, ರಸೀದಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ.

ಕೊನೆಗೆ, ಖಾತೆಯ ವಿಷಯ. ಹಣ ಸದಸ್ಯರ ಹೆಸರಿನ ಖಾತೆಗೇ ಬರುತ್ತದೆ, ಗಂಡನ ಹೆಸರು ಅದರಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಸಂಬಳ ಬರುತ್ತಿದ್ದ ನಿಮ್ಮ ಒಂಟಿ ಖಾತೆ ಚಾಲ್ತಿಯಲ್ಲಿದ್ದರೆ ಅದೇ ಸಾಕು. ಆದರೆ ಪ್ರತಿಯಲ್ಲಿ ಕಂಡ ಮೊಬೈಲ್ ಸಂಖ್ಯೆ ಪತ್ರದ ಕೊನೆಗೆ ನೀವು ಬರೆದದ್ದಲ್ಲ. ಆಧಾರ್‌ಗೂ ಮನೆಯವರ ಸಂಖ್ಯೆಯೇ ಜೋಡಣೆಯಾಗಿದ್ದರೆ ಓಟಿಪಿ, ಹಣ ಜಮೆಯಾದ ಸಂದೇಶ ಎಲ್ಲವೂ ಆ ಫೋನಿಗೇ ಹೋಗುತ್ತವೆ. ಬೆರಳಚ್ಚು ಕೊಟ್ಟು ಸಂಖ್ಯೆ ಬದಲಿಸುವ ಕೆಲಸ ಆಧಾರ್ ಕೇಂದ್ರದಲ್ಲಿ ಆಗುತ್ತದೆ. ಹೆಸರು ತಿದ್ದುವುದಕ್ಕೂ ಮೊದಲು ಅಲ್ಲಿಗೆ ಹೋಗಿಬನ್ನಿ.