ಮುನ್ನೂರು ಜನ ಸಾಕು

ಓದುಗರ ಪತ್ರ:

ಸಂಪಾದಕರೇ, ಪೊನ್ನಂಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ನಾನು, ಇಬ್ಬರು ಗೆಳೆಯರು ಸೇರಿ ಬರುವ ಜನವರಿಯಲ್ಲಿ ಎರಡು ದಿನದ ಸಂಗೀತ ಉತ್ಸವ ಮಾಡಬೇಕೆಂದಿದ್ದೇವೆ. ಇನ್ನೂ ಹೆಸರಾಗದ ಬ್ಯಾಂಡುಗಳು, ಸ್ವಂತ ಹಾಡು ಕಟ್ಟಿ ಹಾಡುವವರು, ಉದ್ಘಾಟನೆಗೆ ದುಡಿ ಎಂಬ ಪುಟ್ಟ ಚರ್ಮವಾದ್ಯ ನುಡಿಸುತ್ತ ಹಾಡುವ ನಮ್ಮ ಕಡೆಯ ಹಾಡುಗಾರರು. ಜಾಗ ನಮ್ಮ ಕಾಫಿ ಕಣ. ಜನ ಮುನ್ನೂರು. "ಯಾರಪ್ಪಾ ಬರ್ತಾರೆ, ಒಬ್ಬರ ಹೆಸರೂ ಕೇಳಿಲ್ಲ" ಎಂದು ದೊಡ್ಡಪ್ಪ ನಗುತ್ತಾರೆ. "ಮೂರು ಸಾವಿರ ಜನ ಸೇರಿಸು, ಸ್ಪಾನ್ಸರ್ ನಾನು ತರ್ತೀನಿ" ಎಂದು ಬೆಂಗಳೂರಿನ ಗೆಳೆಯ ಹೇಳುತ್ತಾನೆ. ಸಣ್ಣ ಉತ್ಸವಕ್ಕೆ ನಿಜಕ್ಕೂ ಒಂದು ಸೆಳೆತ ಇದೆಯಾ? ಇಲ್ಲಾ ದೊಡ್ಡದು ಮಾಡಲಾಗದವರು ಹೇಳಿಕೊಳ್ಳುವ ಸಮಾಧಾನವಾ? ನಿಮ್ಮ ಪತ್ರಿಕೆ ಪ್ರಾಯೋಜಕ ಆಗಬಹುದಾ?

(ಹೆಸರು ಬೇಡ ಎಂದಿರುವ ಓದುಗರು, ದಕ್ಷಿಣ ಕೊಡಗು)

ಸಂಪಾದಕರ ಉತ್ತರ:

ನಿಮ್ಮ ದೊಡ್ಡಪ್ಪನಿಂದಲೇ ಶುರು ಮಾಡೋಣ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಒಬ್ಬರ ಹೆಸರೂ ಗೊತ್ತಿಲ್ಲದ ಕಡೆ ಜನ ಯಾಕೆ ಬರಬೇಕು?

ದೊಡ್ಡ ಉತ್ಸವಗಳಲ್ಲಿ ಏನಾಗುತ್ತದೆ ನೋಡಿ. ಜನ ಒಂದು ಹೆಸರಿಗಾಗಿ ಟಿಕೆಟ್ ಕೊಳ್ಳುತ್ತಾರೆ. ಆ ಹೆಸರು ವೇದಿಕೆಗೆ ಬರುವುದು ರಾತ್ರಿ. ಅಲ್ಲಿಯವರೆಗೆ ಹಾಡುವ ಆರೇಳು ಜನ ಸಮಯ ಕಳೆಯಲು ಇರುವವರು. ಅವರು ಹಾಡುವಾಗ ಜನ ತಿಂಡಿಯ ಸಾಲಿನಲ್ಲಿರುತ್ತಾರೆ, ಫೋನಿನಲ್ಲಿರುತ್ತಾರೆ, ಪಾರ್ಕಿಂಗ್ ಜಾಗ ಹುಡುಕುತ್ತಿರುತ್ತಾರೆ. ನಿಮ್ಮಂಥ ಕಡೆ ಯಾರಿಗಾಗಿಯೂ ಯಾರೂ ಬಂದಿರುವುದಿಲ್ಲ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ಗಿಟಾರ್ ಹಿಡಿದು ಬರುವ ಹುಡುಗಿಗೂ ಕಿವಿ ಸಿಗುತ್ತದೆ, ರಾತ್ರಿ ಎಂಟಕ್ಕೆ ಬರುವವರಿಗೂ ಅಷ್ಟೇ ಕಿವಿ ಸಿಗುತ್ತದೆ. ಹಾಡುವವರಿಗೆ ಇದು ಎಷ್ಟು ಅಪರೂಪ ಎಂದು ಅವರನ್ನೇ ಕೇಳಿ. ಹೋಟೆಲುಗಳಲ್ಲಿ ತಟ್ಟೆ ಲೋಟದ ಸದ್ದಿನ ನಡುವೆ ಹಾಡಿ ಹಾಡಿ ಅವರಿಗೆ ಸಾಕಾಗಿರುತ್ತದೆ.

ಇನ್ನೊಂದು ಸಂಗತಿ ಇದೆ. ಮುನ್ನೂರು ಜನರಲ್ಲಿ ಎರಡನೆಯ ದಿನದ ಹೊತ್ತಿಗೆ ಅರ್ಧ ಮುಖಗಳು ಪರಿಚಯವಾಗಿಬಿಡುತ್ತವೆ. ಈಗಷ್ಟೇ ಹಾಡಿದವನು ಕಾಫಿ ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿರುತ್ತಾನೆ. ಎರಡನೆಯ ಹಾಡು ಚೆನ್ನಾಗಿತ್ತು, ಮೂರನೆಯದು ಸ್ವಲ್ಪ ಎಳೆಯಿತು ಎಂದು ನೇರ ಹೇಳಬಹುದು. ಅವನೂ ಹೌದು ಅನ್ನಬಹುದು, ಇಲ್ಲಾ ಜಗಳಕ್ಕೆ ಬರಬಹುದು. ಒಬ್ಬಳೇ ಬಂದ ಹೆಂಗಸು ಅಪರಿಚಿತರ ಪಕ್ಕದಲ್ಲಿ ಚಾಪೆ ಹಾಸಿ ನೆಮ್ಮದಿಯಾಗಿ ಕೂರಬಹುದು. ಮೂರು ಸಾವಿರ ಜನರಲ್ಲಿ ಇದಕ್ಕೆ ಕಾವಲುಗಾರರು ಬೇಕು, ಕೈಗೆ ಪಟ್ಟಿ ಬೇಕು, ವಿಐಪಿ ಬೇಲಿ ಬೇಕು. ಬೇಲಿ ಬಂದ ಮೇಲೆ ಆಚೆಯವರು ಈಚೆಯವರು ಎಂದಾಗುತ್ತದೆ. ನನ್ನ ಮಟ್ಟಿಗೆ ಸಣ್ಣ ಉತ್ಸವದ ಸೆಳೆತ ಅಂದರೆ ಆ ಬೇಲಿ ಇಲ್ಲದಿರುವುದು.

ಇದು ಹೊರಗಿನಿಂದ ಬಂದ ಹೊಸ ಚಾಳಿ ಏನಲ್ಲ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನಲ್ಲಿ ನಡೆಯುವ ಸಂಗೀತೋತ್ಸವಗಳನ್ನೇ ನೋಡಿ. ಅವರು 1952ರಲ್ಲಿ ತೀರಿಕೊಂಡರು. ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಇವತ್ತು ದೇಶದ ದೊಡ್ಡ ಸಂಗೀತ ಉತ್ಸವಗಳಲ್ಲಿ ಒಂದು. ಅದೇ ಗುರುವಿನ ಊರು ಕುಂದಗೋಳದಲ್ಲಿ, ನಾಡಿಗೇರ ವಾಡೆ ಎಂಬ ಹಳೆಯ ದೊಡ್ಡ ಮನೆಯಲ್ಲಿ, ಇನ್ನೊಂದು ಉತ್ಸವ ನಡೆಯುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದ ಊರು ಅದು. ವಾಡೆಯ ಗೋಡೆಗಳ ಒಳಗೆ ಎಷ್ಟು ಜನ ಹಿಡಿಯುತ್ತಾರೋ ಅಷ್ಟೇ ಜನ. ಪುಣೆಗೆ ಹೋಗುವವರು ದೊಡ್ಡ ಗಾಯಕರನ್ನು ಕೇಳಿದೆ ಎಂದು ಬರುತ್ತಾರೆ. ಕುಂದಗೋಳಕ್ಕೆ ಹೋದವರು ಗಾಯಕ ಉಸಿರು ತೆಗೆದುಕೊಂಡದ್ದೂ ಕೇಳಿತು ಅನ್ನುತ್ತಾರೆ. ಎರಡೂ ಬೇಕು. ಆದರೆ ಕುಂದಗೋಳದವರು ಪುಣೆಯಷ್ಟು ಬೆಳೆಯಲಿಲ್ಲವಲ್ಲ ಎಂದು ಯಾರಾದರೂ ಮರುಗಿದ್ದು ಕೇಳಿದ್ದೀರಾ?

ಇನ್ನು ನಿಮ್ಮ ಗೆಳೆಯನ ಮೂರು ಸಾವಿರ.

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ 1970ರಲ್ಲಿ ಶುರುವಾದಾಗ ಬಂದವರು ಸುಮಾರು 1500 ಜನ. ಮೈಕಲ್ ಈವಿಸ್ ಎಂಬ ಹೈನುಗಾರ ರೈತ ತನ್ನ ಹೊಲದಲ್ಲೇ ಮಾಡಿದ. ಟಿಕೆಟ್ ಒಂದು ಪೌಂಡ್, ಜೊತೆಗೆ ಹಾಲು ಉಚಿತ. ಈಗ ಅಲ್ಲಿ ಸೇರುವ ಜನ ಎರಡು ಲಕ್ಷ. 2011ರ ಜನಗಣತಿಯಂತೆ ಇಡೀ ಕೊಡಗಿನ ಜನಸಂಖ್ಯೆ 5,54,519. ಲೆಕ್ಕ ಹಾಕಿ ನೋಡಿ, ನಮ್ಮ ಜಿಲ್ಲೆಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ಒಂದೇ ಹೊಲದಲ್ಲಿ! ಅವರೂ ಆಗಾಗ ಒಂದು ವರ್ಷ ಉತ್ಸವವನ್ನೇ ನಿಲ್ಲಿಸಿ ಹೊಲವನ್ನು ಬೀಳು ಬಿಡುತ್ತಾರೆ, 2018ರಲ್ಲಿ ಬಿಟ್ಟ ಹಾಗೆ. ಇಷ್ಟು ಜನ ತುಳಿದ ಮೇಲೆ ನೆಲಕ್ಕೂ ಸುಧಾರಿಸಿಕೊಳ್ಳಬೇಕಲ್ಲ.

ಅದೇ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಇಂಡೀಟ್ರ್ಯಾಕ್ಸ್ ಎಂಬ ಸಣ್ಣ ಉತ್ಸವವಿತ್ತು. ಹಳೆಯ ಉಗಿಬಂಡಿಗಳನ್ನು ಕಾಪಾಡುವ ಒಂದು ರೈಲ್ವೆಯ ಆವರಣದಲ್ಲಿ 2007ರಿಂದ 2019ರವರೆಗೆ ನಡೆಯಿತು. ಬ್ಯಾಂಡುಗಳು ಎಂಜಿನ್ ಶೆಡ್ಡಿನಲ್ಲಿ ನುಡಿಸುತ್ತಿದ್ದವು, ಪುಟ್ಟ ತಗಡಿನ ಚರ್ಚಿನಲ್ಲಿ ನುಡಿಸುತ್ತಿದ್ದವು, ಓಡುವ ರೈಲಿನ ಬೋಗಿಯಲ್ಲೂ ನುಡಿಸುತ್ತಿದ್ದವು. ಬೋಗಿಯಲ್ಲಿ ಎಷ್ಟು ಜನ ನಿಲ್ಲಲು ಸಾಧ್ಯ, ನೀವೇ ಹೇಳಿ. ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಕೋವಿಡ್ ಬಂದು ನಿಂತಿತು, ಮತ್ತೆ ಶುರುವಾಗಲಿಲ್ಲ. ಅಲ್ಲಿಗೆ ಹೋಗುತ್ತಿದ್ದವರು ಇವತ್ತಿಗೂ ಅದನ್ನು ನೆನೆಯುತ್ತಾರೆ. (ನಮ್ಮ ಕೊಡಗಿಗೆ ಇನ್ನೂ ರೈಲೇ ಬಂದಿಲ್ಲ, ಹಾಗಾಗಿ ನೀವು ನಕಲು ಹೊಡೆಯುವ ಭಯವಿಲ್ಲ.)

ಹತ್ತಿರದ ಉದಾಹರಣೆ ಬೇಕಾದರೆ ಅರುಣಾಚಲದ ಜೀರೋ ಕಣಿವೆ. ಬಾಬಿ ಹಾನೊ, ಅನುಪ್ ಕುಟ್ಟಿ ಎಂಬ ಇಬ್ಬರು 2012ರಲ್ಲಿ ಅಲ್ಲಿ ಉತ್ಸವ ಶುರು ಮಾಡಿದರು. ಅಪತಾನಿ ಜನರ ಗದ್ದೆ ಸೀಮೆ ಅದು, ವೇದಿಕೆ ಕಟ್ಟುವುದು ಬಿದಿರಿನಲ್ಲಿ, ಕಟ್ಟುವವರು ಊರಿನವರು. ನಮ್ಮ ಹಾಗೆ ದಾರಿ ದೂರ, ಮಳೆ ಜಾಸ್ತಿ. ಆ ದೂರವೇ ಅದಕ್ಕೆ ಒಳ್ಳೆಯದಾಯಿತು ಅಂತ ನನಗನ್ನಿಸುತ್ತದೆ. ಸುಮ್ನೆ ಸಂಜೆ ಕಳೆಯಲು ಅಷ್ಟು ದೂರ ಯಾರೂ ಹೋಗುವುದಿಲ್ಲ.

ಬೆಳೆಯುವುದೇ ತಪ್ಪು ಎನ್ನುತ್ತಿಲ್ಲ. ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ ಶುರುವಾದಾಗ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು. ಆದರೂ ಅದು ಮನೆಯ ಹಬ್ಬವಾಗಿಯೇ ಉಳಿದಿದೆ, ಯಾಕೆಂದರೆ ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ. ಹೆಚ್ಚಿದ್ದು ಮನೆಗಳ ಸಂಖ್ಯೆ. ನಿಮ್ಮ ಗೆಳೆಯ ಹೇಳುತ್ತಿರುವುದು ಬೇರೆ. ಮೊದಲ ವರ್ಷವೇ ಮೂರು ಸಾವಿರ ಜನ ಬೇಕಾದರೆ ದೊಡ್ಡ ಹೆಸರು ಬೇಕು, ದೊಡ್ಡ ಹೆಸರಿಗೆ ಸ್ಪಾನ್ಸರ್ ಬೇಕು, ಸ್ಪಾನ್ಸರ್‌ಗೆ ವೇದಿಕೆಯ ತುಂಬ ಬ್ಯಾನರ್ ಬೇಕು. ಆಮೇಲೆ ಯಾರು ಹಾಡಬೇಕು ಎಂದು ನೀವು ಹೇಳುವ ಹಾಗಿಲ್ಲ. ನಿಮ್ಮ ಬಳಿ ಇರುವ ಬಂಡವಾಳ ನಿಮ್ಮ ಮೂವರ ಕಿವಿ ಮಾತ್ರ. 'ಇವರು ಆರಿಸಿದ್ದು ಚೆನ್ನಾಗಿರುತ್ತೆ' ಎಂದು ನಂಬಿ ಜನ ಬರಬೇಕು. ಅದನ್ನು ಕೊಟ್ಟುಬಿಟ್ಟರೆ ಉಳಿಯುವುದು ಬಾಡಿಗೆಗೆ ಕೊಟ್ಟ ಜಾಗ. ಹಾಗೆಯೇ ದಯವಿಟ್ಟು ಹದಿನೈದು ಜನರ ಆಯ್ಕೆ ಸಮಿತಿಯನ್ನೂ ಮಾಡಬೇಡಿ. ಎಲ್ಲರಿಗೂ ಒಪ್ಪಿಗೆಯಾಗುವ ಹಾಡುಗಾರ ಸಾಮಾನ್ಯವಾಗಿ ಸಪ್ಪೆ.

ಈಗ ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾಗದ ಒಂದು ಮಾತು: ಉದ್ಘಾಟನೆಗೆ ದುಡಿ ಹಾಡುಗಾರರು.

ಇದನ್ನು ಎಷ್ಟು ಕಡೆ ನೋಡಿಲ್ಲ ನಾವು! ದೀಪ ಬೆಳಗುವಾಗ ಕೊಡವ ಗಂಡಸರ ಉಡುಪು ಕುಪ್ಯಚೇಲೆ ತೊಟ್ಟ ನಾಲ್ವರನ್ನು ನಿಲ್ಲಿಸಿ ಐದು ನಿಮಿಷ ಹಾಡಿಸುವುದು. ಅತಿಥಿಗಳ ಫೋಟೋ ಮುಗಿದ ಕೂಡಲೇ ಅವರನ್ನು ಇಳಿಸಿ 'ನಿಜವಾದ' ಕಾರ್ಯಕ್ರಮ ಶುರು ಮಾಡುವುದು. ಅವರು ಹಾಡುವ ಬಾಳೋಪಾಟ್ ಐದು ನಿಮಿಷದ ಹಾಡಲ್ಲ. ನಾಲ್ವರ ಕೈಯಲ್ಲೂ ದುಡಿ, ಇಬ್ಬರು ಒಂದು ಸಾಲು ಎತ್ತಿದರೆ ಇನ್ನಿಬ್ಬರು ಅದನ್ನು ಹಿಡಿದು ಹಾಡುತ್ತಾರೆ. ಹಾಗೆ ಸಾಲಿನ ಮೇಲೆ ಸಾಲು. ಮೊದಲ ಹತ್ತು ನಿಮಿಷ ಎಲ್ಲ ಒಂದೇ ಥರ ಅನ್ನಿಸುತ್ತದೆ. ಆಮೇಲೆ ಕಿವಿ ಹೊಂದಿಕೊಂಡು ಸಣ್ಣ ಸಣ್ಣ ಬದಲಾವಣೆ ಕೇಳತೊಡಗುತ್ತದೆ. ಸುಗ್ಗಿ ಹಬ್ಬ ಹುತ್ತರಿಯಲ್ಲಿ ಮನೆ ಮನೆಗೆ ಹೋಗಿ ಮನೆಪಾಟ್ ಹಾಡುವಾಗ ಅವರು ನಿಲ್ಲುವುದು ಮನೆಯವರ ಎದುರಿಗೇ, ನಡುವೆ ವೇದಿಕೆ ಇರುವುದಿಲ್ಲ. ಅಂದರೆ ನೀವು ಮಾಡಲು ಹೊರಟ ಉತ್ಸವದ ಗುಣ ಏನಿದೆಯೋ ಅದು ಈ ಹಾಡಿಕೆಯಲ್ಲಿ ಮೊದಲೇ ಇದೆ. ಅವರಿಗೆ ಶನಿವಾರ ರಾತ್ರಿ ಎಂಟು ಗಂಟೆಯ ಹೊತ್ತು ಕೊಡಿ, ಮುಕ್ಕಾಲು ಗಂಟೆ ಕೊಡಿ. ಹಾಡುವ ಮೊದಲು ಕಥೆ ಏನೆಂದು ಯಾರಾದರೂ ಕನ್ನಡದಲ್ಲಿ ನಾಲ್ಕು ಮಾತು ಹೇಳಲಿ. ಬೆಂಗಳೂರಿನ ಬ್ಯಾಂಡಿಗೆ ಎಷ್ಟು ಕೊಡುತ್ತೀರೋ ಅಷ್ಟೇ ದುಡ್ಡು ಕೊಡಿ.

ಹಾಗೆಯೇ ನಿಮ್ಮ ತೋಟದ ಸುತ್ತಮುತ್ತ ಯರವರ, ಕುರುಬರ ಹಾಡಿಗಳಿವೆ, ಅಂದರೆ ಬುಡಕಟ್ಟು ಜನರ ಕೇರಿಗಳು. ಕೆಲಸಗಾರರಿರುವ ನಿಮ್ಮ ಲೈನ್ ಮನೆಗಳಲ್ಲೇ ಒಳ್ಳೆಯ ಹಾಡುಗಾರರು ಇರಬಹುದು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದ ದಿನ ಗೋಣಿಕೊಪ್ಪದ ಬೀದಿಯಲ್ಲಿ ಅವರ ಹಾಡು, ಬೈಗುಳ ಕೇಳಿ ನಗುತ್ತೇವೆ. ಉಳಿದ ದಿನ ಅವರು ಹಾಡುತ್ತಾರೆ ಎಂಬುದೇ ನಮಗೆ ನೆನಪಿರುವುದಿಲ್ಲ. ಬನ್ನಿ ಎಂದು ಕರೆದರೆ ಬರುತ್ತಾರಾ ಕೇಳಿ ನೋಡಿ. ಬರಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಬಂದರೆ ಸೊಪ್ಪು ಕಟ್ಟಿಸಿ ಕುಣಿಸುವ ಕೆಲಸವಂತೂ ಬೇಡವೇ ಬೇಡ.

ಕಣದ ವಿಚಾರ. ನೀವು ಬೆಳೆಗಾರರು, ನಿಮಗೆ ಹೇಳಬೇಕಾಗಿಲ್ಲ, ಆದರೂ ಉತ್ಸಾಹದಲ್ಲಿ ಮರೆತಿರಬೇಕು. ಜನವರಿಯಲ್ಲಿ ಕಣ ಖಾಲಿ ಇರುತ್ತಾ? ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು. ಒಣಗಲು ಹರಡಿದ ಕಾಫಿಯ ಮೇಲೆ ಡ್ರಮ್ ಸೆಟ್ ಇಡುತ್ತೀರಾ? ಗದ್ದೆ ನೋಡಿ. ಹುತ್ತರಿಗೆ ಕದಿರು ತೆಗೆದು, ಕೊಯ್ಲು ಮುಗಿಸಿ, ಸಂಕ್ರಾಂತಿ ಹೊತ್ತಿಗೆ ಗದ್ದೆ ಒಣಗಿರುತ್ತದೆ. ಕೂಳೆ ಸವರಿಸಿ ಚಾಪೆ ಹಾಸಿದರೆ ಆಯಿತು. ಇನ್ನೂ ತಡ ಮಾಡಿದರೆ ಸ್ಪ್ರಿಂಕ್ಲರ್ ಗಡಿಬಿಡಿ, ಹೂಮಳೆಯ ಕಾತರ, ಮಕ್ಕಳ ಪರೀಕ್ಷೆ. ಆಗ ಯಾರಿಗೂ ಹಾಡು ಬೇಡ. ಜನವರಿಯ ಇಬ್ಬನಿ ಮಾತ್ರ ನೆನಪಿಡಿ. ಸಂಜೆ ಆರೂವರೆಗೆಲ್ಲ ಕೇಬಲ್, ಆಂಪ್ಲಿಫೈಯರ್ ಎಲ್ಲ ಒದ್ದೆಯಾಗುತ್ತವೆ. ವೇದಿಕೆಗೂ ಸೌಂಡ್ ಹುಡುಗರು ಕೂರುವ ಜಾಗಕ್ಕೂ ತಾರ್ಪಾಲು ಬೇಕು.

ರಾತ್ರಿ ಒಂಬತ್ತೂವರೆಗೆ ಮುಗಿಸಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಅದು ದಸರಾದಂಥ ಸಂದರ್ಭಕ್ಕಿರಲಿ. ಮಡಿಕೇರಿ ದಸರೆಯಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುವ ದಶಮಂಟಪದ ರಾತ್ರಿ ಊರೇ ಎದ್ದಿರುತ್ತದೆ, ಅದರ ಗಮ್ಮತ್ತೇ ಬೇರೆ. ನಿಮ್ಮ ಗದ್ದೆಯ ಸುತ್ತ ಮಲಗುವವರಿದ್ದಾರೆ. ಬೇಸ್ ಸದ್ದು ಬಹಳ ದೂರ ಹೋಗುತ್ತದೆ, ಗೋಡೆಗೂ ಬಗ್ಗುವುದಿಲ್ಲ. ಹಾಗಾಗಿ ದೊಡ್ಡ ಬೇಸ್ ಪೆಟ್ಟಿಗೆಗಳನ್ನು ತರಲೇಬೇಡಿ, ಮುನ್ನೂರು ಜನಕ್ಕೆ ಅವು ಬೇಕಾಗಿಯೂ ಇಲ್ಲ. ದಕ್ಷಿಣ ಕೊಡಗು ಅಂದ ಮೇಲೆ ಆನೆಯ ಮಾತು ಬಂದೇ ಬರುತ್ತದೆ. ಆನೆಗಳು ತಮ್ಮೊಳಗೆ ಎಷ್ಟೋ ಸಲ ಮಾತಾಡಿಕೊಳ್ಳುವುದು ನಮ್ಮ ಕಿವಿಗೆ ಸಿಗದಷ್ಟು ತಗ್ಗಿದ ಸ್ವರದಲ್ಲಿ. ಅವುಗಳ ದಾರಿಯಲ್ಲಿ ನಾವು ಗುಡುಗಿಸುವುದು ಬೇಡ. ಕತ್ತಲಲ್ಲಿ ತೋಟದ ರಸ್ತೆಯಲ್ಲಿ ಯಾರೂ ನಡೆದು ಹೋಗಬಾರದು, ಟೆಂಟ್ ಹಾಕಿ ಮಲಗುವ ಯೋಚನೆ ಇದ್ದರೆ ಕೈಬಿಡಿ. ಕಾರುಗಳನ್ನು ಊರಿನ ಮೈದಾನದಲ್ಲಿ ನಿಲ್ಲಿಸಿ, ಅಲ್ಲಿಂದ ಜೀಪಿನಲ್ಲಿ ಕರೆತನ್ನಿ, ಜೀಪಿನಲ್ಲೇ ಬಿಟ್ಟು ಬನ್ನಿ. ಅರಣ್ಯ ಇಲಾಖೆಯವರಿಗೂ ಮೊದಲೇ ತಿಳಿಸಿ. ಆ ವಾರ ಆನೆ ಎಲ್ಲಿದೆ ಎಂದು ಹೇಳುವವರು ಅವರೇ.

ದುಡ್ಡು. ಮುನ್ನೂರು ಜನ, ತಲಾ ಸಾವಿರ ರೂಪಾಯಿ ಅಂದರೆ ಮೂರು ಲಕ್ಷ. ಇದರಲ್ಲಿ ಮೊದಲು ಹಾಡುವವರ ಪಾಲು ತೆಗೆದಿಡಿ. 'ನಾಲ್ಕು ಜನಕ್ಕೆ ಪರಿಚಯ ಆಗುತ್ತೆ, ಅದೇ ಸಂಭಾವನೆ' ಎನ್ನುವ ಮಾತನ್ನು ನೀವು ಯಾವತ್ತೂ ಆಡಬಾರದು. ಉಳಿದದ್ದರಲ್ಲಿ ಸೌಂಡ್, ಜನರೇಟರ್, ಜೀಪು, ಶೌಚಾಲಯ. ಶೌಚಾಲಯಕ್ಕೆ ಮಾತ್ರ ಕಂಜೂಸುತನ ಬೇಡ. ಊಟ ಊರಿನ ಹೆಂಗಸರ ಸಂಘಕ್ಕೆ ವಹಿಸಿ, ಹಣ ಕೊಟ್ಟೇ ವಹಿಸಿ. ಕಡುಂಬುಟ್ಟು, ನೂಲ್‌ಪುಟ್ಟು, ಒಂದು ಹಂದಿ ಸಾರು, ಒಂದು ತರಕಾರಿ ಸಾರು ಸಾಕು. ಹಾಡುವವರೂ ಕೇಳುವವರೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಊಟದ ಹೊತ್ತಿಗೆ ಯಾರನ್ನೂ ಹಾಡಿಸಬೇಡಿ. ಇಷ್ಟೆಲ್ಲ ಆದ ಮೇಲೆ ನಿಮ್ಮ ಕೈಗೆ ಏನೂ ಉಳಿಯುವುದಿಲ್ಲ, ಸ್ವಲ್ಪ ಕೈಯಿಂದ ಹೋಗಲೂಬಹುದು. ಮೂವರೂ ಕೂತು ಎಷ್ಟು ಹೋದರೆ ತಡೆದುಕೊಳ್ಳುತ್ತೇವೆ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಸ್ನೇಹ ಕೆಡುವುದು ಆ ಜಾಗದಲ್ಲೇ.

ದೊಡ್ಡಪ್ಪನಿಗೆ ಟಿಕೆಟ್ ಕೇಳಬೇಡಿ, ಕೆಲಸ ಕೊಡಿ. ಗದ್ದೆಯ ಬದುವಿನ ಹತ್ತಿರ ಕುರ್ಚಿ ಹಾಕಿ ಜೀಪುಗಳ ಲೆಕ್ಕ ನೋಡಿಕೊಳ್ಳಲು ಹೇಳಿ. ಹೆಸರು ಕೇಳದವರ ಹಾಡೂ ಅಲ್ಲಿಗೆ ಕೇಳಿಸುತ್ತದೆ.

ಪ್ರಾಯೋಜಕತ್ವಕ್ಕೆ ನನ್ನ ಉತ್ತರ 'ಇಲ್ಲ'. ಬ್ಯಾನರ್ ಬೇಡ ಎಂದು ಇಷ್ಟುದ್ದ ಬರೆದು ನಮ್ಮದೇ ಬ್ಯಾನರ್ ಕಟ್ಟಿಸಿದರೆ ಚೆನ್ನಾಗಿರುವುದಿಲ್ಲ ಅಲ್ವಾ? ದಿನಾಂಕ, ಹಾಡುವವರ ಪಟ್ಟಿ ಗಟ್ಟಿಯಾದ ಮೇಲೆ ಕಳಿಸಿ. ಡಿಸೆಂಬರ್ ಸಂಚಿಕೆಯಲ್ಲಿ ಅರ್ಧ ಪುಟ ಹಣವಿಲ್ಲದೆ ಹಾಕುತ್ತೇವೆ. ನಮ್ಮ ಕಚೇರಿಯಿಂದ ಬರುವವರು ಟಿಕೆಟ್ ಕೊಂಡೇ ಬರುತ್ತಾರೆ. ಪತ್ರಿಕೆಯವರು ಎಂದು ಮುಂದಿನ ಸಾಲು ಕಾಯ್ದಿರಿಸಬೇಡಿ.