ನನ್ನ ಬಸ್ ಪಾಸಿನಿಂದ ಭೂಮಿಯ ಬಿಸಿ ಇಳಿಯುತ್ತದೆಯೇ?

ಪ್ರಶ್ನೆ: ಆರು ವರ್ಷಗಳಿಂದ ನಾನು ಕಾರು ಬಿಟ್ಟು ಬಸ್ಸು ಮತ್ತು ಮೆಟ್ರೊದಲ್ಲಿ ಕಚೇರಿಗೆ ಹೋಗಿಬರುತ್ತಿದ್ದೇನೆ. ಮನೆಗೆ ಎ.ಸಿ. ಹಾಕಿಸಿಲ್ಲ, ಹಸಿ ಕಸವನ್ನು ಗೊಬ್ಬರ ಮಾಡುತ್ತೇನೆ. ಮೊನ್ನೆ ಸಹೋದ್ಯೋಗಿಯೊಬ್ಬರು, ‘ಜಗತ್ತಿನ ಮಾಲಿನ್ಯದಲ್ಲಿ ಶೇ 71ರಷ್ಟು ಬರುವುದು 100 ಕಂಪನಿಗಳಿಂದ, ನಿಮ್ಮ ಬಸ್ ಪಾಸಿನಿಂದ ಆಗುವುದೇನು?’ ಎಂದರು. ನನಗೆ ಉತ್ತರ ತೋಚಲಿಲ್ಲ. ನನ್ನ ಕಟ್ಟುನಿಟ್ಟಿನಿಂದ ಮನೆಯವರಿಗೂ ಬೇಸರವಾಗಿದೆ. ವ್ಯವಸ್ಥೆಯೇ ಬದಲಾಗಬೇಕು ಎನ್ನುವುದಾದರೆ ನನ್ನ ಶ್ರಮವೆಲ್ಲ ವ್ಯರ್ಥವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ ಅಂಕಿ 2017ರಲ್ಲಿ ಬಂದ ವರದಿಯೊಂದರದು. ಅದು ಸುಳ್ಳಲ್ಲ, ಆದರೆ ಅರ್ಧ ಹೇಳಿದ ಮಾತು. 1988ರಿಂದೀಚಿನ ಕೈಗಾರಿಕಾ ಹಸಿರುಮನೆ ಅನಿಲಗಳನ್ನು, ಎಂದರೆ ಭೂಮಿಯ ಬಿಸಿ ಏರಿಸುವ ಅನಿಲಗಳನ್ನು, ಲೆಕ್ಕ ಹಾಕಿದ ಆ ವರದಿ ಹೆಸರಿಸಿದ್ದು ಕಲ್ಲಿದ್ದಲು, ತೈಲ ಮತ್ತು ಅನಿಲವನ್ನು ನೆಲದಿಂದ ತೆಗೆಯುವ ಸಂಸ್ಥೆಗಳನ್ನು. ನಮ್ಮ ಕೋಲ್ ಇಂಡಿಯಾದಂಥ ಸರ್ಕಾರಿ ಸಂಸ್ಥೆಗಳೂ ಆ ಪಟ್ಟಿಯಲ್ಲಿವೆ. ಅವುಗಳ ಲೆಕ್ಕಕ್ಕೆ ಬರೆದ ಅನಿಲದಲ್ಲಿ ಬಹುಪಾಲು ಹೊರಬಂದದ್ದು ಆ ಇಂಧನವನ್ನು ಕೊಂಡವರು ಉರಿಸಿದಾಗ. ಎಂದರೆ, ನೀವು ಕಾರಿಗೆ ಹಾಕಿಸುತ್ತಿದ್ದ ಪೆಟ್ರೋಲಿನ ಹೊಗೆಯೂ ಆ 71ರೊಳಗೇ ಇದೆ. ಕಂಪನಿಯ ಪಾಲು ಬೇರೆ, ನಮ್ಮ ಪಾಲು ಬೇರೆ ಎಂದು ಗೆರೆ ಎಳೆಯಲು ಈ ಅಂಕಿಯನ್ನು ಬಳಸುವುದು ಸರಿಯಾಗದು.

ಹಾಗೆಂದು ಎಲ್ಲ ಹೊಣೆಯನ್ನೂ ಬಳಕೆದಾರರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ನಮ್ಮ ನಮ್ಮ ‘ಕಾರ್ಬನ್ ಹೆಜ್ಜೆಗುರುತು’ (ನಮ್ಮ ಬದುಕಿನಿಂದ ಹೊರಬೀಳುವ ಇಂಥ ಅನಿಲದ ಪ್ರಮಾಣ) ಎಷ್ಟೆಂದು ಎಣಿಸಿಕೊಳ್ಳುವ ರೂಢಿಯನ್ನು ಜನಪ್ರಿಯಗೊಳಿಸಿದವರಲ್ಲಿ ಮುಂಚೂಣಿಯಲ್ಲಿದ್ದುದು ಬ್ರಿಟನ್ನಿನ ತೈಲ ಕಂಪನಿ ಬಿ.ಪಿ. 2004ರ ಹೊತ್ತಿಗೆ ಅದು ಮನೆಮನೆಯ ಲೆಕ್ಕ ಹಾಕುವ ಸಾಧನವೊಂದನ್ನು ಅಂತರ್ಜಾಲದಲ್ಲಿ ತೆರೆದಿಟ್ಟು ದೊಡ್ಡ ಜಾಹೀರಾತು ನಡೆಸಿತು. ತೈಲ ಮಾರುವವರೇ ಕೊಳ್ಳುವವರ ಕೈಗೆ ತಕ್ಕಡಿ ಕೊಟ್ಟಾಗ, ಆ ತಕ್ಕಡಿಯಲ್ಲಿ ಯಾವುದನ್ನು ತೂಗುತ್ತಿಲ್ಲ ಎಂಬುದನ್ನು ನಾವು ಕೇಳಲೇಬೇಕು.

ವೈಯಕ್ತಿಕ ಸಂಯಮಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಯಾರೂ ಬಯಸದ ಒಂದು ಪರೀಕ್ಷೆ 2020ರಲ್ಲಿ ನಡೆದುಹೋಯಿತು. ವಿಮಾನಗಳು ನಿಂತವು, ರಸ್ತೆಗಳು ಬರಿದಾದವು, ಕೋಟ್ಯಂತರ ಜನ ಮನೆಯಲ್ಲೇ ಉಳಿದರು. ಆದರೂ ಆ ವರ್ಷ ಜಗತ್ತಿನಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನ ಪ್ರಮಾಣ ಇಳಿದದ್ದು ಶೇ 5ರ ಆಸುಪಾಸಿನಲ್ಲಿ ಮಾತ್ರ, ಮರುವರ್ಷವೇ ಅದು ಬಹುಮಟ್ಟಿಗೆ ಹಿಂದಿನ ಮಟ್ಟಕ್ಕೆ ಮರಳಿತು. ನಾವು ಮನೆಯಲ್ಲಿ ಕುಳಿತಾಗಲೂ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು, ಉಕ್ಕು ಮತ್ತು ಸಿಮೆಂಟಿನ ಕುಲುಮೆಗಳು ಬಿಸಿಯಾಗಿಯೇ ಇದ್ದವು.

ಹಾಗಾದರೆ ನಿಮ್ಮ ಪ್ರಶ್ನೆಗೆ ಉತ್ತರ ‘ವ್ಯರ್ಥ’ ಎಂದೇ? ಅಲ್ಲ ಎನ್ನಲು ದೂರದ ಉದಾಹರಣೆ ಬೇಡ, ನಿಮ್ಮ ಊರಿನ ತಾರಸಿಗಳನ್ನೇ ನೋಡಿ.

ನೂರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 3 ಯೂನಿಟ್ ವಿದ್ಯುತ್ ಬೇಕು. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗೀಸರ್ ಬದಲು ಸೋಲಾರ್ ವಾಟರ್ ಹೀಟರ್ ಇಟ್ಟ ಮನೆ, ವರ್ಷದಲ್ಲಿ 300 ದಿನ ಬಿಸಿಲು ಸಿಕ್ಕರೂ, ಸುಮಾರು 600 ಕಿಲೊ ಉಳಿಸುತ್ತದೆ. ಒಂದು ಮನೆಯ ಮಟ್ಟಿಗೆ ಇದು ಸಣ್ಣದಲ್ಲ, ಭೂಮಿಯ ಮಟ್ಟಿಗೆ ಏನೂ ಅಲ್ಲ. ಬೆಂಗಳೂರಿನಲ್ಲಿ ಮೊದಮೊದಲು ಇದನ್ನು ಹಾಕಿಸಿದವರು ಕೈಯಿಂದ ಹಣ ಹಾಕಿ, ‘ಮಳೆಗಾಲದಲ್ಲಿ ಏನು ಮಾಡುತ್ತೀರಿ’ ಎಂದು ಕೇಳಿದ ನೆಂಟರಿಗೆ ಉತ್ತರ ಹೇಳಿ, ಆ ಡ್ರಮ್ಮು ಕೆಲಸ ಮಾಡುತ್ತದೆಂದು ಬೀದಿಗೆ ತೋರಿಸಿಕೊಟ್ಟರು. ಹೀಗೆ ತಯಾರಕರು ಬೆಳೆದರು, ಜೋಡಿಸುವವರು ಮತ್ತು ರಿಪೇರಿಯವರು ಸಿಗುವಂತಾದರು. 2007ರಲ್ಲಿ ನಿಗದಿತ ಅಳತೆಗಿಂತ ದೊಡ್ಡ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವೆಂಬ ನಿಯಮ ಬಂದಾಗ ಅದು ಜನರಿಗೆ ಅಪರಿಚಿತವಾಗಿರಲಿಲ್ಲ. ಹೀಟರ್ ಇದ್ದ ಮನೆಯ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯೂ ಇತ್ತು. ಇಂದು ಹೊಸ ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ಹವಾಮಾನದ ಬಗ್ಗೆ ಯೋಚಿಸಿ ಹೀಟರ್ ಇಡುವುದಿಲ್ಲ. ಮನೆ ಎಂದರೆ ಅದೂ ಇರುತ್ತದೆ ಎಂದು ಇಡುತ್ತಾರೆ. ಮೊದಲ ಮನೆಗಳ 600 ಕಿಲೊಗಿಂತ, ನಿಯಮವೊಂದು ಊರಲ್ಲಿ ಬೇರೂರಲು ಅವು ಹದಮಾಡಿದ ನೆಲ ಹೆಚ್ಚು ತೂಕದ್ದು ಎಂದು ನನ್ನ ನಂಬಿಕೆ.

ಎಲ್‌ಇಡಿ ಬಲ್ಬಿನದು ಇದರ ತಿರುವುಮುರುವಾದ ಕಥೆ. ಅಲ್ಲಿ ಮೊದಲು ಚಲಿಸಿದ್ದು ಸರ್ಕಾರ. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಗಾಗಿ ಒಟ್ಟಾಗಿ ಕೋಟಿಗಟ್ಟಲೆ ಬಲ್ಬು ಖರೀದಿಸಿದ್ದರಿಂದ, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ ಎರಡೇ ವರ್ಷದಲ್ಲಿ 40 ರೂಪಾಯಿಗಿಂತ ಕೆಳಗಿಳಿಯಿತು. ಯಾರ ಮನಸ್ಸಾಕ್ಷಿಯನ್ನೂ ಕಲಕದೆ 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆ ಸೇರಿದವು.

ಈಗ ನಿಮ್ಮ ಬಸ್ಸಿಗೆ ಬರೋಣ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಪ್ರಯಾಣಿಕರ ಸಂಖ್ಯೆ ಕುಸಿಯಿತು. ಹಾಗೆ ಮೆಟ್ರೊ ಬಿಟ್ಟವರಿಗೆ ಪರಿಸರದ ಕಾಳಜಿ ಒಂದೇ ವಾರದಲ್ಲಿ ಬತ್ತಿತೆಂದು ನಾನು ಭಾವಿಸುವುದಿಲ್ಲ, ಅವರ ತಿಂಗಳ ಖರ್ಚಿನ ಲೆಕ್ಕ ತಪ್ಪಿತು, ಅಷ್ಟೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಉಚಿತ ಪ್ರಯಾಣ ಸಿಕ್ಕಾಗ ಬಸ್ಸುಗಳು ತುಂಬಿ ತುಳುಕಿದ್ದೂ ಇದೇ ಕಾರಣಕ್ಕೆ. ದರ, ಬಸ್ಸುಗಳ ಸಂಖ್ಯೆ, ನಿಲ್ದಾಣದವರೆಗಿನ ಪಾದಚಾರಿ ಮಾರ್ಗ, ರಾತ್ರಿ ಒಂಬತ್ತರ ನಂತರದ ದೀಪ, ಇವೆಲ್ಲ ಸೇರಿ ನಿಮ್ಮ ‘ಆಯ್ಕೆ’ಯನ್ನು ಸಾಧ್ಯವಾಗಿಸುತ್ತವೆ ಇಲ್ಲವೇ ಕಸಿಯುತ್ತವೆ. ಮೆಟ್ರೊ ಹತ್ತಿರವಿರುವ ನಿಮ್ಮ ನಿಷ್ಠೆಯನ್ನು ಮಾಗಡಿ ರಸ್ತೆಯಾಚೆ ಮುಕ್ಕಾಲು ಗಂಟೆ ಬಸ್ಸಿಗೆ ಕಾಯುವವರಿಂದ ನಿರೀಕ್ಷಿಸುವುದು ತಪ್ಪಾಗುತ್ತದೆ.

ಆದರೆ ಆರು ವರ್ಷ ಬಸ್ಸು ಹತ್ತಿದ ನಿಮಗೆ ಕಾರಿನವರಿಗಿಲ್ಲದ ಒಂದು ಅರಿವಿದೆ: ಯಾವ ಮಾರ್ಗದಲ್ಲಿ ಬಸ್ಸು ತಪ್ಪುತ್ತದೆ, ಎಲ್ಲಿ ಇಳಿದರೆ ರಸ್ತೆ ದಾಟಲಾಗದು ಎಂಬುದು ನಿಮಗೆ ಗೊತ್ತು. ಅದನ್ನು ಬರೆದು ಬಿಎಂಟಿಸಿಗೆ, ಶಾಸಕರಿಗೆ, ಪತ್ರಿಕೆಗೆ ಕೊಡಿ. ಒಬ್ಬರೇ ಅಲ್ಲ, ಅದೇ ನಿಲ್ದಾಣದಲ್ಲಿ ನಿಲ್ಲುವ ಹತ್ತು ಜನರೊಂದಿಗೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೊಮೀಟರ್ ಉಕ್ಕಿನ ಸೇತುವೆಗಾಗಿ 812 ಮರ ಕಡಿಯಲು ಹೊರಟಾಗ, 2016ರ ಅಕ್ಟೋಬರ್ 16ರಂದು ‘ಸ್ಟೀಲ್ ಫ್ಲೈಓವರ್ ಬೇಡ’ ಎಂದು ಸಾವಿರಾರು ಜನ ಕೈಕೈ ಹಿಡಿದು ನಿಂತರು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ಕಾಲದಲ್ಲಿ ‘ಚುಕು ಬುಕು ಬೇಕು’ ಎಂದು ಉಪನಗರ ರೈಲಿಗಾಗಿ ಕೇಳಿದವರ ದನಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. 148 ಕಿಲೊಮೀಟರಿನ ಆ ಯೋಜನೆ ಇನ್ನೂ ಕುಂಟುತ್ತಿರುವುದು ನನಗೆ ನಿಜವಾದ ನೋವಿನ ಸಂಗತಿ, ಏಕೆಂದರೆ ಲಕ್ಷಾಂತರ ಜನರ ಕಾರು, ಸ್ಕೂಟರುಗಳ ನಿರ್ಧಾರ ಅದರ ಮೇಲೆ ನಿಂತಿದೆ.

ನಿಮ್ಮ ವಸತಿ ಸಮುಚ್ಚಯದಲ್ಲಿಯೂ ಒಂದು ಕೆಲಸವಿದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ, ಲಿಫ್ಟು, ಪಂಪು, ದೀಪದಂಥ ಸಾಮಾನ್ಯ ಬಳಕೆಗಾಗಿ ನಿವಾಸಿಗಳ ಸಂಘಗಳಿಗೆ ಕಿಲೊವ್ಯಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತಿದರೆ, ಒಂದು ಸಂಜೆಯ ಆ ಮಾತು ನಿಮ್ಮ ಹಲವು ವರ್ಷಗಳ ಸ್ವಿಚ್ ಆರಿಸುವಿಕೆಗಿಂತ ಹೆಚ್ಚು ಉಳಿಸಬಹುದು. ವಿದ್ಯುತ್ ದರ ಪರಿಷ್ಕರಣೆಯ ಅರ್ಜಿ ಬಂದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ಸಾಮಾನ್ಯ ಗ್ರಾಹಕರೂ ಅಲ್ಲಿ ಮಾತನಾಡಬಹುದು.

ಮನೆಯವರ ವಿಷಯ ಇಷ್ಟೇ: ಬಸ್ಸನ್ನೂ ಗೊಬ್ಬರದ ಡಬ್ಬಿಯನ್ನೂ ಉಳಿಸಿಕೊಳ್ಳಿ, ಅವರ ಮೇಲಿನ ಪಹರೆಯನ್ನು ಬಿಡಿ. ಅಲ್ಲಿ ಉಳಿಯುವ ಸಮಯ ಸಂಘದ ಸಭೆಗೆ ಬೇಕಾಗುತ್ತದೆ.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಮೊಮ್ಮಗು ಹುಟ್ಟಿದೆ. ವಿಮಾನ ಹತ್ತುವುದು ತಪ್ಪೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೆಂಗಳೂರಿನಿಂದ ಸ್ಯಾನ್‌ ಫ್ರಾನ್ಸಿಸ್ಕೊಗೆ ಹೋಗಿಬರುವುದೆಂದರೆ ಸುಮಾರು 28,000 ಕಿಲೊಮೀಟರು, ತಲೆಗೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲು ಹೆಚ್ಚುಕಡಿಮೆ ಅಷ್ಟೇ. ಅದು ದೊಡ್ಡ ಲೆಕ್ಕ, ನಿಮ್ಮಿಂದ ಮುಚ್ಚಿಡಲಾರೆ. ಆದರೆ ಈ ದಾರಿಗೆ ರೈಲಿಲ್ಲ, ಹೊಗೆಯಿಲ್ಲದೆ ಅಷ್ಟು ದೂರ ಹಾರುವ ವಿಮಾನವೂ ಇಂದು ಇಲ್ಲ. ಹೋಗಿ ಬನ್ನಿ. ಎರಡು ವರ್ಷಕ್ಕೆ ಎರಡು ಸಲ ಹದಿನೈದು ದಿನಗಳಂತೆ ಹೋಗುವ ಬದಲು, ವೀಸಾ ಅವಕಾಶ ಕೊಟ್ಟರೆ, ಒಮ್ಮೆ ಹೋಗಿ ಐದು ತಿಂಗಳು ಇದ್ದು ಬನ್ನಿ. ಮೊಮ್ಮಗುವಿಗೆ ಕನ್ನಡ ಕಲಿಸಲೂ ಅಷ್ಟು ಕಾಲ ಬೇಕು.