ನೈಜೀರಿಯಾದ ಎಣ್ಣೆ ನಂಬಿ ಹೋಗಬಹುದಾ?

ಸರ್, ತೋರಣಗಲ್ಲಿನಲ್ಲಿ ವೆಲ್ಡರ್ ಆಗಿರುವ ನಿಮ್ಮ ತಮ್ಮನಿಗೆ ನೈಜೀರಿಯಾದಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಕಚ್ಚಾ ಎಣ್ಣೆ ಇನ್ನೆಷ್ಟು ವರ್ಷ ಬರುತ್ತದೆ ಅಂತ ಕೇಳಿದ್ದೀರಿ. ಮುಗಿದುಹೋಗುವ ಚಿಂತೆ ಬಿಡಿ. ನಿಮ್ಮ ತಮ್ಮ ರಿಟೈರ್ ಆದ ಮೇಲೂ ಅದು ನೆಲದೊಳಗೆ ಇರುತ್ತದೆ. ಕಷ್ಟ ಇರುವುದು ಹೊರಗೆ ತೆಗೆಯುವುದರಲ್ಲಿ.

2005ರ ಸುಮಾರಿಗೆ ಅಲ್ಲಿ ದಿನಕ್ಕೆ 25 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದರು. ಈಚೆಗೆ 15 ಲಕ್ಷದ ಆಸುಪಾಸು. ನೈಜರ್ ನದಿಯ ಮುಖಜ ಭೂಮಿಯಲ್ಲಿ, ಅಂದರೆ ಡೆಲ್ಟಾದಲ್ಲಿ, ಪೈಪಿಗೇ ತೂತು ಹಾಕಿ ಕದಿಯುತ್ತಾರೆ. ಶೆಲ್ ಕಂಪನಿ ಬೇಸತ್ತು ನೆಲದ ಮೇಲಿನ ತನ್ನ ವ್ಯವಹಾರವನ್ನು 2025ರಲ್ಲಿ ಮಾರಿಬಿಟ್ಟಿತು, ಆಳ ಸಮುದ್ರದ ಬಾವಿಗಳನ್ನು ಇಟ್ಟುಕೊಂಡಿದೆ.

ಇನ್ನೊಂದು ವಿಚಿತ್ರ ನೋಡಿ. 1956ರಲ್ಲೇ ಎಣ್ಣೆ ಸಿಕ್ಕ ದೇಶ, ಆದರೆ ಕಚ್ಚಾ ಎಣ್ಣೆಯಿಂದ ಪೆಟ್ರೋಲ್ ಮಾಡುವ ಸರ್ಕಾರಿ ರಿಫೈನರಿಗಳು ಕೆಟ್ಟು ಕೂತಿದ್ದರಿಂದ ಪೆಟ್ರೋಲನ್ನು ಹೊರಗಿಂದ ತರಿಸುತ್ತಿತ್ತು. ಸಂಡೂರಿನ ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದುದನ್ನು ಕಂಡ ನಮಗೆ ಇದು ಹೊಸದೇನಲ್ಲ, ಅಲ್ವಾ? ಈಗ ಲಾಗೋಸ್ ನಗರದ ಹತ್ತಿರ ಡಂಗೋಟೆ ರಿಫೈನರಿ ಬಂದಿದೆ, ದಿನಕ್ಕೆ 6.5 ಲಕ್ಷ ಬ್ಯಾರೆಲ್ ಸಾಮರ್ಥ್ಯ. 2024ರಲ್ಲಿ ಶುರುವಾಯಿತು. ನನ್ನ ಪ್ರಕಾರ ವೆಲ್ಡರ್, ಫಿಟ್ಟರ್‌ಗಳಿಗೆ ಬಾವಿಗಿಂತ ಇಂಥ ಕಡೆಯೇ ಜಾಸ್ತಿ ಕೆಲಸ. ಗ್ಯಾಸ್ ಕೂಡ ಆಫ್ರಿಕಾದಲ್ಲೇ ಅತಿ ಹೆಚ್ಚು ಅಲ್ಲೇ ಇದೆ.

ಸಂಬಳ ಮಾತ್ರ ಡಾಲರ್‌ನಲ್ಲಿ ಬರೆಸಿಕೊಳ್ಳಿ. ಅಲ್ಲಿನ ದುಡ್ಡು ನೈರಾ 2023ರಿಂದ ಸಿಕ್ಕಾಪಟ್ಟೆ ಬಿದ್ದಿದೆ. ಕೆಲಸ ಲಾಗೋಸ್ ಕಡೆಯೋ, ಡೆಲ್ಟಾ ಒಳಗೋ ಅಂತ ಮೊದಲೇ ಕೇಳಿ. ಡೆಲ್ಟಾ ಅಂದರೆ ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಏಜೆಂಟ್ ಲೈಸೆನ್ಸ್ ನಂಬರನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಡಿಯೇ ದುಡ್ಡು ಕೊಡಿ.